ಮೊದಲು ಸವೆಯುವುದು ಯಾವುದು ಎಂದು ಕೇಳಿ
ಹೊಸದಾಗಿ ಸಂಸಾರ ಹೂಡುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಹೊಸದಾಗಿ ಮನೆ ಮಾಡುತ್ತಿರುವ ಆತ್ಮೀಯರೇ,

ಮದುವೆಯ ಓಡಾಟ ಮುಗಿದಿದೆ. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟಾಗಿದೆ, ಹಾಲು ಉಕ್ಕಿಸುವ ದಿನವೂ ಗೊತ್ತಾಗಿದೆ. ಈಗ ನಿಮ್ಮ ಕೈಯಲ್ಲೊಂದು ಪಟ್ಟಿ ಇರುತ್ತದೆ: ಸ್ಟೌ, ಕುಕ್ಕರ್, ಮಿಕ್ಸಿ, ಫ್ರಿಜ್, ವಾಷಿಂಗ್ ಮಷೀನ್, ಮಂಚ, ಹಾಸಿಗೆ, ಬೀರು, ಸೋಫಾ. ಕೆಲಸ ಸಿಕ್ಕಿ ಊರು ಬಿಟ್ಟು ಬಂದು, ಮೊದಲ ಸಲ ತಾವೇ ಅಡುಗೆಮನೆ ಹೂಡುತ್ತಿರುವ ಹುಡುಗ ಹುಡುಗಿಯರ ಕೈಯಲ್ಲೂ ಇದೇ ಪಟ್ಟಿ, ಸ್ವಲ್ಪ ಚಿಕ್ಕದು. ಆ ಪಟ್ಟಿ ಅಂಗಡಿಗೆ ಹೋಗುವ ಮೊದಲೇ ಈ ಪತ್ರ ನಿಮ್ಮನ್ನು ತಲುಪಲಿ ಎಂದು ಬರೆಯುತ್ತಿದ್ದೇನೆ. ಮನೆ ಹೂಡುವ ಮೊದಲ ಒಂದು ವರ್ಷದಲ್ಲಿ ಕೊಂಡದ್ದು ಮುಂದಿನ ಹತ್ತು ಹದಿನೈದು ವರ್ಷ ನಿಮ್ಮ ಜೊತೆ ಬರುತ್ತದೆ, ಇಲ್ಲವೇ ಮೂರೇ ವರ್ಷಕ್ಕೆ ಗುಜರಿಯ ಗಾಡಿ ಹತ್ತುತ್ತದೆ. ಎರಡರಲ್ಲಿ ಯಾವುದಾಗುತ್ತದೆ ಎಂಬುದು ಬಹಳ ಮಟ್ಟಿಗೆ ಕೊಳ್ಳುವ ದಿನವೇ ತೀರ್ಮಾನವಾಗಿಬಿಡುತ್ತದೆ.

ಅಂಗಡಿಯಲ್ಲಿ ನಾವೆಲ್ಲರೂ ಕೇಳುವುದು ಒಂದೇ ಮಾತು: "ಎಷ್ಟು ವರ್ಷ ಬಾಳಿಕೆ ಬರುತ್ತೆ?" ಬರುವ ಉತ್ತರವೂ ಒಂದೇ: "ಐದು ವರ್ಷ ವಾರಂಟಿ ಇದೆ ಸರ್, ಕಂಪ್ರೆಸರ್‌ಗೆ ಹತ್ತು ವರ್ಷ." ಹತ್ತು ವರ್ಷದ ಆ ಕಾಗದವನ್ನು ಪೂರ್ತಿ ಓದಿ ನೋಡಿ. ಸಾಮಾನ್ಯವಾಗಿ ಅದು ಫ್ರಿಜ್ಜಿನ ಕಂಪ್ರೆಸರ್ ಎಂಬ ಒಂದು ಭಾಗಕ್ಕೆ ಮಾತ್ರ. ಗ್ಯಾಸ್ ತುಂಬಿಸುವ ಖರ್ಚು, ಬಂದು ಬಿಚ್ಚುವವರ ಕೂಲಿ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡು, ಬಾಗಿಲಿನ ರಬ್ಬರು ಇವು ಯಾವುವೂ ಅದರೊಳಗೆ ಬರುವುದಿಲ್ಲ. ಆದ್ದರಿಂದ ಬಾಳಿಕೆಯ ಪ್ರಶ್ನೆಯನ್ನು ಬದಲಿಸಿ ಕೇಳಿ ಎನ್ನುವುದೇ ನನ್ನ ಕೋರಿಕೆ. ಇದರಲ್ಲಿ ಮೊದಲು ಸವೆಯುವುದು ಯಾವುದು? ಸವೆದಾಗ ಅದೊಂದನ್ನೇ ಬದಲಿಸಲು ಬರುತ್ತದೆಯೇ? ಬದಲಿಸಿಕೊಡುವವರು ನಮ್ಮ ಊರಿನಲ್ಲಿ ಇದ್ದಾರೆಯೇ?

ಕುಕ್ಕರನ್ನೇ ತೆಗೆದುಕೊಳ್ಳೋಣ. ಅದರ ಮೈಗೆ ದಶಕಗಟ್ಟಲೆ ಏನೂ ಆಗುವುದಿಲ್ಲ. ಮೊದಲು ಹೋಗುವುದು ಮುಚ್ಚಳದ ಗ್ಯಾಸ್ಕೆಟ್, ಆಮೇಲೆ ಸೇಫ್ಟಿ ವಾಲ್ವ್, ಆಮೇಲೆ ಹಿಡಿ. ಮೂರೂ ಪೇಟೆಯ ಪಾತ್ರೆ ಅಂಗಡಿಯಲ್ಲಿ ಸಿಗುವಂಥವು, ಬದಲಿಸಲು ಐದು ನಿಮಿಷ ಸಾಕು. ಹೀಗಾಗಿಯೇ ಎಷ್ಟೋ ಮನೆಗಳಲ್ಲಿ ಅಮ್ಮನ ಕಾಲದ ಕುಕ್ಕರ್ ಇವತ್ತಿಗೂ ಸೊಸೆಯ ಒಲೆಯ ಮೇಲೆ ಕೂಗುತ್ತಿದೆ. ಈಗ ಫೋನಿನಲ್ಲಿ ಮಾತ್ರ ಕಾಣಸಿಗುವ, ಹೆಸರು ಕೇಳದ ಕಂಪನಿಯ ಚಂದದ ಬಣ್ಣದ ಕುಕ್ಕರುಗಳಿವೆ. ಅವುಗಳ ಮೈಯೂ ಗಟ್ಟಿಯೇ ಇರಬಹುದು. ಆದರೆ ಆ ಅಳತೆಯ ಗ್ಯಾಸ್ಕೆಟ್ ನಿಮ್ಮೂರಿನ ಯಾವ ಅಂಗಡಿಯಲ್ಲೂ ಇಲ್ಲದಿದ್ದರೆ, ಒಂದು ರಬ್ಬರ್ ಬಳೆಗಾಗಿ ಇಡೀ ಕುಕ್ಕರ್ ಮೂಲೆ ಸೇರುತ್ತದೆ. ಕೊಳ್ಳುವ ಮೊದಲು ಅಂಗಡಿಯವರಿಗೆ "ಇದರ ಗ್ಯಾಸ್ಕೆಟ್, ವಾಲ್ವ್ ತೋರಿಸಿ" ಎನ್ನಿ. ತೋರಿಸಿದರೆ ಕೊಳ್ಳಿ. ಇನ್ನೊಂದು ಮಾತು: ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್ 2347 ಎಂಬ ಮಾನದಂಡವಿದ್ದು, ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ತಿಳಿಯುತ್ತದೆ. ಸೇಫ್ಟಿ ವಾಲ್ವಿನ ವಿಷಯದಲ್ಲಿ ಮಾತ್ರ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಬೇಡಿ. ಆವಿಯ ದಾರಿ ಕಟ್ಟಿಕೊಂಡಾಗ ಕುಕ್ಕರ್ ಸಿಡಿಯದಂತೆ ತಡೆಯುವುದು ಮುಖ್ಯವಾಗಿ ಅದೇ. ಅದು ಅದೇ ಕಂಪನಿಯದೇ ಆಗಿರಲಿ.

ಮಿಕ್ಸಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಕರ್ನಾಟಕದ ಅಡುಗೆಮನೆಯಲ್ಲಿ ಅದಕ್ಕಿರುವಷ್ಟು ದುಡಿಮೆ ಬೇರೆ ಯಾವ ಯಂತ್ರಕ್ಕೂ ಇಲ್ಲ, ವಿನಾಕಾರಣ ಅದರಷ್ಟು ಎಸೆಯಲ್ಪಡುವ ಯಂತ್ರವೂ ಇಲ್ಲ. ಮೋಟಾರಿಗೂ ಜಾರಿಗೂ ನಡುವೆ ಹಲ್ಲುಹಲ್ಲಾಗಿರುವ ಒಂದು ಬಿಲ್ಲೆ ಇರುತ್ತದೆ, ಕಪ್ಲರ್ ಎನ್ನುತ್ತಾರೆ. ಜಾರು ಬಿಗಿದುಕೊಂಡಾಗ ಮೋಟಾರನ್ನು ಉಳಿಸಿ ಹರಿದುಹೋಗುವುದು ಇದೇ. ಮೋಟಾರು ಸದ್ದು ಮಾಡುತ್ತಿದ್ದರೂ ಬ್ಲೇಡು ತಿರುಗುತ್ತಿಲ್ಲ ಎಂದರೆ ಬಹುತೇಕ ಕಪ್ಲರ್ ಹೋಗಿದೆ ಎಂದೇ ಲೆಕ್ಕ. ಜಾರಿನ ತಳದಿಂದ ಕಪ್ಪು ಎಣ್ಣೆಯಂಥದ್ದು ಚಟ್ನಿಗೆ ಇಳಿಯುತ್ತಿದ್ದರೆ ಬುಷ್ ಸವೆದಿದೆ. ಅದನ್ನೂ ಬ್ಲೇಡನ್ನೂ ಬದಲಿಸಿಕೊಡುತ್ತಾರೆ. ಒಳಗೆ ಕಿಡಿ ಹಾರಿ ಸುಟ್ಟ ವಾಸನೆ ಬಂದರೆ ಕಾರ್ಬನ್ ಬ್ರಷ್ ನೋಡಿಸಬೇಕು. ಹೊರೆ ಹೆಚ್ಚಾಗಿ ಮಿಕ್ಸಿ ಪೂರ್ತಿ ನಿಂತುಹೋಯಿತು ಎಂದುಕೊಳ್ಳಿ. ಮೊದಲು ಪ್ಲಗ್ ತೆಗೆದು, ಅದನ್ನು ಮಗುಚಿ ತಳ ನೋಡಿ. ಅಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣದ ಓವರ್‌ಲೋಡ್ ಗುಂಡಿ ಇರುತ್ತದೆ. ಮೋಟಾರು ತಣಿಯಲು ಬಿಟ್ಟು ಅದನ್ನೊಮ್ಮೆ ಒತ್ತಿದರೆ ಮಿಕ್ಸಿ ಮತ್ತೆ ಶುರುವಾಗಬಹುದು. ಈ ಒಂದು ಗುಂಡಿ ಗೊತ್ತಿಲ್ಲದೆ ಎಷ್ಟು ಮನೆಗಳು ಹೊಸ ಮಿಕ್ಸಿ ತಂದಿವೆಯೋ ಎಂದು ನೆನೆದರೆ ಬೇಸರವಾಗುತ್ತದೆ.

ಇಬ್ಬರೇ ಇರುವ ಮನೆಗೆ ಮೊದಲ ವರ್ಷವೇ ವೆಟ್ ಗ್ರೈಂಡರ್ ಬೇಡ. ವಾರಕ್ಕೊಮ್ಮೆಯ ದೋಸೆ ಹಿಟ್ಟನ್ನು ಒಳ್ಳೆಯ ಮಿಕ್ಸಿಯೇ ರುಬ್ಬುತ್ತದೆ. ಮನೆ ತುಂಬಿ, ದಿನ ಬಿಟ್ಟು ದಿನ ಇಡ್ಲಿ ಎಂದಾಗ ಕೊಳ್ಳಿ. ಆಗ ಅದು ನಿಮಗೆ ಸಿಗುವ ಅತ್ಯಂತ ಪ್ರಾಮಾಣಿಕ ಯಂತ್ರ. ಕೊಯಮತ್ತೂರಿನ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದರಲ್ಲಿ ಮೊದಲು ಸವೆಯುವುದು ಬೆಲ್ಟ್. ಕಲ್ಲು ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ.

ಇನ್ನು ಪಾತ್ರೆಗಳು. ಇಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ದೋಸೆಗೆ, ರೊಟ್ಟಿಗೆ ಬೀಡಿನ ಕಾವಲಿಯನ್ನೇ ಕೊಳ್ಳಿ. ಹೊಸ ಬೀಡಿನ ಕಾವಲಿ ಮೊದಲ ದಿನ ಯಾರ ಮಾತನ್ನೂ ಕೇಳುವುದಿಲ್ಲ. ದೋಸೆ ಹಿಡಿದುಕೊಂಡು ಚಿಂದಿಯಾಗುತ್ತದೆ. ಎಣ್ಣೆ ಸವರಿ ಕಾಯಿಸಿ ತಣಿಸಿ, ಮತ್ತೆ ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜಿ ಅದನ್ನು ಪಳಗಿಸಬೇಕು. ಕಾದ ಕಬ್ಬಿಣದ ಮೇಲೆ ಎಣ್ಣೆ ಗಟ್ಟಿಯಾಗಿ ಕೂತು ತೆಳುವಾದ ಕರಿ ಪದರವಾಗುತ್ತದೆ. ದೋಸೆ ಏಳುವುದು ಆ ಪದರದಿಂದ. ಅದು ಕಿತ್ತುಹೋದರೂ ತೊಂದರೆಯಿಲ್ಲ, ಮನೆಯಲ್ಲೇ ಮತ್ತೆ ಕೂರಿಸಬಹುದು. ನಾನ್‌ಸ್ಟಿಕ್ ತವಾದಲ್ಲೂ ಮೊದಲು ಸವೆಯುವುದು ಮೇಲಿನ ಲೇಪನವೇ. ಆದರೆ ಅದನ್ನು ಮನೆಯಲ್ಲಿ ಮತ್ತೆ ಹಾಕಲು ಬರುವುದಿಲ್ಲ. ಖಾಲಿ ತವಾ ಉರಿಯ ಮೇಲೆ ಮರೆತುಹೋಗಿ ಶಾಖ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪನ ಕೆಡತೊಡಗುತ್ತದೆ. ಸ್ಟೀಲ್ ಸೌಟಿನ ಗೀರು ಬಿದ್ದರಂತೂ ಮುಗಿಯಿತು. ನಾನ್‌ಸ್ಟಿಕ್ ಕೊಳ್ಳಲೇಬಾರದು ಎನ್ನುತ್ತಿಲ್ಲ. ಕೊಂಡರೆ ಕೆಲವು ವರ್ಷದ ಸಾಮಾನು ಎಂದು ತಿಳಿದೇ ಕೊಳ್ಳಿ, ಒಂದೇ ಒಂದು ಕೊಳ್ಳಿ. ಐದು ಪಾತ್ರೆಯ ಸೆಟ್ಟಿನ ಆಫರ್ ಬೇಡ.

ಸ್ಟೀಲ್ ಪಾತ್ರೆ ಕೊಳ್ಳುವಾಗ ಬಹಳ ಜನ ಅಯಸ್ಕಾಂತ ಒಯ್ಯುತ್ತಾರೆ. ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂಬ ನಂಬಿಕೆ. ಇದು ಅರ್ಧ ಮಾತ್ರ ನಿಜ. 304 ದರ್ಜೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ಸರಿ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ, ಅಗ್ಗದ 202 ದರ್ಜೆಗೂ ಅಂಟುವುದಿಲ್ಲ. ಉಪ್ಪು, ಹುಣಸೆಹುಳಿ, ಉಪ್ಪಿನಕಾಯಿ ಇಟ್ಟರೆ 202ರಲ್ಲಿ ತುಕ್ಕಿನ ಚುಕ್ಕಿ ಬೇಗ ಬರುತ್ತದೆ. ಹಾಗೆಯೇ ಅಂಟಿದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಇಂಡಕ್ಷನ್ ಒಲೆಗೆ ತಳದಲ್ಲಿ ಅಂಟುವ ಸ್ಟೀಲೇ ಬೇಕು. ಅಯಸ್ಕಾಂತವನ್ನು ಮನೆಯಲ್ಲೇ ಬಿಟ್ಟು, ತಳದಲ್ಲಿ ಕೆತ್ತಿದ ದರ್ಜೆ ನೋಡಿ, ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ. ತೂಕ ನೋಡಿ, ಅಂಚು ಮಡಚಿದ್ದಾರೋ ಹರಿತವಾಗಿ ಬಿಟ್ಟಿದ್ದಾರೋ ಬೆರಳಾಡಿಸಿ ನೋಡಿ. ಹಿಡಿ ರಿವೆಟ್ ಹೊಡೆದದ್ದೋ ಬರೀ ಬೆಸುಗೆಯದೋ ಎಂಬುದನ್ನೂ ಗಮನಿಸಿ.

ಹಿತ್ತಾಳೆಯ ಮೇಲೆ ಹೊಸಬರಿಗೆ ಈಚೆಗೆ ಪ್ರೀತಿ ಬಂದಿದೆ. ಸಂತೋಷ. ಆದರೆ ಹಿತ್ತಾಳೆಯ ಪಾತ್ರೆಯಲ್ಲಿ ಮೊದಲು ಸವೆಯುವುದು ಕಲಾಯಿ, ಅದಿಲ್ಲದೆ ಹುಳಿ ಸಾರು ಕುದಿಸಬಾರದು. ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ ಕೊಳೆ ಬಿಡಿಸಿ, ತವರವನ್ನು ತಾಗಿಸಿ ಹತ್ತಿಯಿಂದ ಸರ್ರನೆ ಒರೆಸುತ್ತಾರೆ. ತವರ ಕರಗಲು 232 ಡಿಗ್ರಿ ಶಾಖ ಸಾಕು. ಹೀಗಾಗಿ ಕಲಾಯಿ ಹಾಕುವವರು ಒಂದು ತಿದಿ, ಒಂದಿಷ್ಟು ಇದ್ದಿಲು ಇಟ್ಟುಕೊಂಡು ಬೀದಿಯಲ್ಲೇ ಈ ಕೆಲಸ ಮುಗಿಸುತ್ತಿದ್ದರು. ಈಗ ಅವರನ್ನು ಹುಡುಕಬೇಕಾಗಿದೆ. ನಿಮ್ಮ ಊರಿನಲ್ಲಿ ಕಲಾಯಿಯವರು ಇದ್ದರೆ ಹಿತ್ತಾಳೆಯ ಪಾತ್ರೆ ನಿಮ್ಮ ಮೊಮ್ಮಕ್ಕಳಿಗೂ ಆದೀತು. ಇಲ್ಲವಾದರೆ ಅದೇ ಪಾತ್ರೆ ಶೋಕೇಸಿನ ಅಲಂಕಾರ. ಪಾತ್ರೆಯ ಆಯಸ್ಸು ಅದರ ಲೋಹದಲ್ಲಿ ಎಷ್ಟಿದೆಯೋ ಅದನ್ನು ನೋಡಿಕೊಳ್ಳುವವರ ಕೈಯಲ್ಲೂ ಅಷ್ಟೇ ಇದೆ. ಈ ಪತ್ರದುದ್ದಕ್ಕೂ ನಾನು ಬೇರೆಬೇರೆ ಸಾಮಾನಿನ ನೆಪದಲ್ಲಿ ಹೇಳುತ್ತಿರುವುದು ಇದನ್ನೇ.

ಮಂಚ, ಬೀರು, ಮೇಜುಗಳಲ್ಲಿ ಜನ ಹೆಚ್ಚು ಹಣ ಕಳೆದುಕೊಳ್ಳುತ್ತಾರೆ. ನೀವು ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿ ಇರುವವರು. ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುತ್ತೀರಿ. ಈಗ ಅಗ್ಗಕ್ಕೆ ಸಿಗುವ ವಾರ್ಡ್‌ರೋಬು, ಟಿ.ವಿ. ಯೂನಿಟ್ಟುಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮೇಲೆ ಲ್ಯಾಮಿನೇಟ್ ಹಾಳೆ ಅಂಟಿಸಿದವು. ಇದರಲ್ಲಿ ಮೊದಲು ಸೋಲುವುದು ಸ್ಕ್ರೂ ಕೂತ ತೂತು. ಒಂದು ಸಲ ಬಿಚ್ಚಿ ಜೋಡಿಸಿದರೆ ಸಡಿಲ, ಎರಡನೆಯ ಸಲಕ್ಕೆ ಹಿಡಿತವೇ ಇರುವುದಿಲ್ಲ. ನೆಲ ಒರೆಸುವ ನೀರು ಅಂಚಿಗೆ ತಾಗಿದರೆ ಬೋರ್ಡು ಉಬ್ಬುತ್ತದೆ, ಉಬ್ಬಿದ್ದು ಇಳಿಯುವುದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದಕ್ಕೆ ಬೂಷ್ಟು ಬೇರೆ. ರಿಪೇರಿ ಮಾಡೆಂದರೆ ಯಾವ ಬಡಗಿಯೂ ಕೈ ಹಾಕುವುದಿಲ್ಲ. ಉಳಿ ಇಟ್ಟರೆ ಪುಡಿ ಉದುರುತ್ತದೆ.

ಇದಕ್ಕೆ ದಾರಿಗಳಿವೆ. ಪ್ಲೈವುಡ್ಡಿನದಾದರೆ ಐಎಸ್ 303 ಗುರುತು ನೋಡಿ, ನೀರು ತಾಗುವ ಜಾಗಕ್ಕೆ ಐಎಸ್ 710 ಗುರುತಿನ ಮರೈನ್ ಪ್ಲೈ. ಇನ್ನೂ ಒಳ್ಳೆಯ ದಾರಿ ಹಳೆಯ ಮರ. ಹಳೆಯ ಮನೆಗಳನ್ನು ಕೆಡವಿದಾಗ ಬರುವ ತೇಗ, ಹೊನ್ನೆ, ಮತ್ತಿ, ಹಲಸಿನ ಬಾಗಿಲು ತೊಲೆಗಳನ್ನು ಮಾರುವವರು ದೊಡ್ಡ ಊರುಗಳಲ್ಲೆಲ್ಲ ಇದ್ದಾರೆ. ದಶಕಗಳ ಕಾಲ ಒಣಗಿದ ಮರ ಇನ್ನು ಸೊಟ್ಟಗಾಗುವ ಭಯ ಕಡಿಮೆ. ಒಬ್ಬ ಆಚಾರರನ್ನು ಹಿಡಿದು ಅದರಿಂದ ಒಂದು ಮಂಚ ಮಾಡಿಸಿ. ಅಷ್ಟು ದುಡ್ಡು ಈಗಿಲ್ಲವೆಂದರೆ ಯಾರೋ ಮಾರುತ್ತಿರುವ ಹಳೆಯ ಮರದ ಮಂಚ, ಕಬ್ಬಿಣದ ಬೀರು ಕೊಳ್ಳಿ. ಕಬ್ಬಿಣದ ಬೀರುವನ್ನು ಹೊಸದಾಗಿ ಪೇಂಟ್ ಹೊಡೆಸಬಹುದು, ಬೀಗ ಬದಲಿಸಬಹುದು, ಎಷ್ಟು ಮನೆ ಬದಲಿಸಿದರೂ ಅದು ಬಿಚ್ಚಿಕೊಳ್ಳುವುದಿಲ್ಲ. ಸೋಫಾ ಮೊದಲ ವರ್ಷ ಬೇಡವೇ ಬೇಡ. ನವಲಗುಂದದ ಜಮಖಾನ ಹಾಸಿ ಕೂರಿ. ಬಂದವರೂ ಸಂತೋಷವಾಗಿ ಕೂರುತ್ತಾರೆ, ಅದನ್ನು ಒಗೆಯಲೂ ಬರುತ್ತದೆ, ಮಡಚಿ ಇಡಲೂ ಬರುತ್ತದೆ. ಧಾರವಾಡ ಜಿಲ್ಲೆಯ ಆ ಊರಿನ ಹೆಣ್ಣುಮಕ್ಕಳು ನೆಟ್ಟಗೆ ನಿಂತ ಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನ ಅದು, ಅದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ.

ಹಾಸಿಗೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಫೋಮಿನ ಹಾಸಿಗೆ ತಗ್ಗು ಬಿದ್ದರೆ ಅದಕ್ಕೆ ಮದ್ದಿಲ್ಲ, ಸುತ್ತಿ ಹೊರಗಿಡಬೇಕು. ಬೆಂಗಳೂರಿನ ಖಾಲಿ ಸೈಟುಗಳ ಪಕ್ಕ, ಕೆರೆ ಏರಿಯ ಮೇಲೆ ಮಳೆಯಲ್ಲಿ ನೆನೆಯುತ್ತ ಬಿದ್ದಿರುವ ಹಾಸಿಗೆಗಳನ್ನು ನೀವೂ ನೋಡಿದ್ದೀರಿ. ಹತ್ತಿಯ ಹಾಸಿಗೆ ಗಟ್ಟಿಯಾದರೆ ಬಿಚ್ಚಿ, ಬಿಸಿಲಿಗೆ ಹರಡಿ, ಹಿಂಜಿಸಿ ಮತ್ತೆ ತುಂಬಿಸಬಹುದು. ಹತ್ತಿ ಅದೇ, ಹಾಸಿಗೆ ಹೊಸದು. ಬಿಲ್ಲು ಮೀಟಿ ಹತ್ತಿ ಹಿಂಜುತ್ತಿದ್ದ ಪಿಂಜಾರ, ನದಾಫರ ಕಸುಬು ಈಗ ಬಹುತೇಕ ಮಷೀನಿಗೆ ಬಂದಿದೆ, ಆದರೂ ನಿಂತಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಹಾಸಿಗೆ ಅಂಗಡಿಯವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಬೆನ್ನುನೋವಿಗೆಂದು ವೈದ್ಯರು ಬೇರೆ ಹೇಳಿದ್ದರೆ ಆ ಮಾತು ಬೇರೆ.

ನೀರಿಗೆ ಬರೋಣ. ಟ್ಯಾಂಕರ್ ನೀರು, ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರ್ ಬೇಗ ಸಾಯುತ್ತದೆ. ಗಡಸು ನೀರಿನ ಸುಣ್ಣ ಎಲಿಮೆಂಟಿನ ಮೇಲೆ ಕಟ್ಟುತ್ತದೆ. ತೊಟ್ಟಿಯ ಒಳಗೆ ಆನೋಡ್ ರಾಡ್ ಎಂಬ ಕಡ್ಡಿ ಇರುತ್ತದೆ, ಸಾಮಾನ್ಯವಾಗಿ ಮೆಗ್ನೀಸಿಯಂನದು. ತೊಟ್ಟಿಗೆ ಹಿಡಿಯಬೇಕಾದ ತುಕ್ಕನ್ನು ತಾನು ತೆಗೆದುಕೊಂಡು ಕರಗುವುದೇ ಅದರ ಕೆಲಸ. ಅದು ಪೂರ್ತಿ ಕರಗಿದ ಮೇಲೆ ತುಕ್ಕು ತೊಟ್ಟಿಯನ್ನು ತಿನ್ನಲು ಶುರುಮಾಡುತ್ತದೆ, ಒಂದು ದಿನ ಸೋರುತ್ತದೆ. ಗೀಸರ್ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಹೀಗೊಂದು ಕಡ್ಡಿ ಇದೆಯೆಂದೇ ಯಾರೂ ಹೇಳಿರುವುದಿಲ್ಲ. ಗಡಸು ನೀರಿನವರು ವರ್ಷಕ್ಕೊಮ್ಮೆ ಎಲಿಮೆಂಟ್ ಬಿಚ್ಚಿಸಿ ಸುಣ್ಣ ತೆಗೆಸಿ, ಆ ಕಡ್ಡಿಯನ್ನೂ ನೋಡಿಸಿ.

ಆರ್‌ಒ ಯಂತ್ರವನ್ನು ಎಷ್ಟೋ ಜನ ನೀರು ಯಾವುದೆಂದು ನೋಡದೆಯೇ ಕೊಳ್ಳುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿತ. ಕಾವೇರಿ ನೀರು ಬರುವ ಮನೆಗಳಲ್ಲಿ ಅದು ಇದಕ್ಕಿಂತ ಬಹಳ ಕೆಳಗಿರುತ್ತದೆ. ಅಂಥಲ್ಲಿ ಸೋಸಿ ಕುದಿಸುವುದು ಅಥವಾ ಒಂದು ಯುವಿ ಫಿಲ್ಟರ್ ಸಾಕು. ಆರ್‌ಒ ಇಟ್ಟರೆ ಕುಡಿಯಲು ಸಿಗುವುದಕ್ಕಿಂತ ಹೆಚ್ಚು ನೀರು ಮೋರಿಗೆ ಹೋಗುವುದುಂಟು. ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಗಳ ಮಾತು ಬೇರೆ. ಅಲ್ಲಿ ಫ್ಲೋರೈಡ್ ಇದೆ, ಅದನ್ನು ಟಿಡಿಎಸ್ ಮೀಟರ್ ತೋರಿಸುವುದಿಲ್ಲ. ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು.

ಹಳೆಯದೆಲ್ಲ ಒಳ್ಳೆಯದು, ಕೊನೆಯತನಕ ಇಟ್ಟುಕೊಳ್ಳಬೇಕು ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಕರೆಂಟು ತಿನ್ನುವ ಸಾಮಾನಿಗೆ ಬಾಳಿಕೆಯ ಲೆಕ್ಕವೇ ಬೇರೆ. ಹಗಲಿರುಳು ನಡೆಯುವ ಫ್ರಿಜ್ಜಿನಲ್ಲಿ ಸ್ಟಾರುಗಳ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಸ್ಟಾರ್ ಎಣಿಸುವ ಬದಲು ಆ ಯೂನಿಟ್ ಓದಿ. ಚೀಟಿ ಯಾವ ಅವಧಿಯದು ಎಂದೂ ನೋಡಿ, ಏಕೆಂದರೆ ಸ್ಟಾರಿನ ಅಳತೆ ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುತ್ತ ಬಂದಿದೆ. ಹಳೆಯ ಐದು ಸ್ಟಾರು ಇವತ್ತಿನ ಐದಲ್ಲ.

ಫ್ಯಾನಿನ ವಿಷಯದಲ್ಲಿ ನನಗೇ ಎರಡು ಮನಸ್ಸು. ಸಾಧಾರಣ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನಲ್ಲಿ ನಡೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಫ್ಯಾನಾದರೆ ವರ್ಷಕ್ಕೆ 200 ಯೂನಿಟ್‌ಗೆ ಹತ್ತಿರ ಉಳಿತಾಯ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಆದರೆ ಹಳೆಯ ಫ್ಯಾನು ನಿಧಾನವಾದರೆ ಎಲೆಕ್ಟ್ರಿಷಿಯನ್ ಬಂದು, ಅವರು ಕಂಡೆನ್ಸರ್ ಎನ್ನುವ ಒಂದು ಪುಟ್ಟ ಡಬ್ಬಿ ಬದಲಿಸಿ ಹೋಗುತ್ತಾರೆ. ಬಿಎಲ್‌ಡಿಸಿಯಲ್ಲಿ ಹೋಗುವುದು ಹೆಚ್ಚಾಗಿ ಎಲೆಕ್ಟ್ರಾನಿಕ್ ಬೋರ್ಡು, ಅದು ಆ ಕಂಪನಿಯ ಬಳಿ ಮಾತ್ರ. ನನ್ನ ತೀರ್ಮಾನ ಇದು: ರಾತ್ರಿಯಿಡೀ ತಿರುಗುವ ಮಲಗುವ ಕೋಣೆಗೆ ಬಿಎಲ್‌ಡಿಸಿ ಹಾಕಿ, ಅದೂ ನಿಮ್ಮೂರಿನಲ್ಲಿ ಸರ್ವಿಸ್ ಸೆಂಟರ್ ಇರುವ ಕಂಪನಿಯದು. ಅಪರೂಪಕ್ಕೆ ಹಾಕುವ ಕೋಣೆಯ ಹಳೆಯ ಫ್ಯಾನನ್ನು ಬಿಚ್ಚಬೇಡಿ.

ರಿಪೇರಿಗೆ ಬರುತ್ತದೆಯೇ ಎಂಬುದು ಕೊಳ್ಳುವ ಮೊದಲೇ ತಿಳಿಯಬೇಕು. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ವಾಷಿಂಗ್ ಮಷೀನ್, ಟಿ.ವಿ., ಲ್ಯಾಪ್‌ಟಾಪ್, ಸ್ಮಾರ್ಟ್‌ಫೋನುಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಹತ್ತರಲ್ಲಿ ಇಷ್ಟು ಎಂಬ ಅಂಕ ಹಾಕಬೇಕಾಯಿತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಬಿಡಿಭಾಗ, ಸರ್ವಿಸ್, ವಾರಂಟಿಯ ವಿವರಗಳನ್ನು ಕಂಪನಿಗಳು ಅಲ್ಲಿ ಕೊಡುತ್ತವೆ. ನಿಮ್ಮ ಕಂಪನಿ ಅದರಲ್ಲಿ ಇದೆಯೋ ನೋಡಿ. ನಮ್ಮ ಅಂಗಡಿಯ ಚೀಟಿಯ ಮೇಲೆ ಅಂಥ ಅಂಕ ಇಲ್ಲದಿರುವುದರಿಂದ ಅಂಕ ಹಾಕಬೇಕಾದವರು ನೀವೇ. ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಇಡಿ, ಫೋನಿನಲ್ಲೂ ಫೋಟೊ ತೆಗೆದಿಡಿ. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ವಾರಂಟಿ ಮುಗಿಯುವ ಮೊದಲೇ ಮಾಸುತ್ತದೆ. ಮೋಸವಾಯಿತು ಎನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಂಡ ಸರಕಿನ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ತೊಂದರೆ ಕಂಡ ಎರಡು ವರ್ಷದೊಳಗೆ ದೂರು ಕೊಡಬೇಕು.

ಬಡ್ಡಿಯಿಲ್ಲದ ಕಂತು ಎಂಬ ಮಾತಿಗೆ ಮರುಳಾಗಬೇಡಿ. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಅದನ್ನು ಬೇರೆ ರೂಪದಲ್ಲಿ ಗ್ರಾಹಕರಿಂದಲೇ ವಸೂಲಿ ಮಾಡಲಾಗುತ್ತದೆ ಎಂಬ ಅರ್ಥದಲ್ಲಿ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಈಗಿನ ನೋ ಕಾಸ್ಟ್ ಇಎಂಐನಲ್ಲಿ ಸಾಮಾನ್ಯವಾಗಿ ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟನ್ನು ರಿಯಾಯಿತಿ ಎಂದು ತೋರಿಸುತ್ತಾರೆ, ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಯ ಮೇಲೆ. ನಗದಿಗೆ ಸಿಗುತ್ತಿದ್ದ ರಿಯಾಯಿತಿಯೂ ಕೈತಪ್ಪುತ್ತದೆ. ಆದರೆ ಕೈಯಲ್ಲಿ ದುಡ್ಡಿಲ್ಲದವರಿಗೆ ಅಗ್ಗದ್ದು ಬಿಟ್ಟು ಗಟ್ಟಿಯದನ್ನೇ ಕೊಳ್ಳಿ ಎಂದು ಉಪದೇಶ ಮಾಡುವುದು ನ್ಯಾಯವಲ್ಲ, ಅದು ನನಗೆ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ: ಪಟ್ಟಿಯನ್ನು ಒಂದೇ ತಿಂಗಳಲ್ಲಿ ಮುಗಿಸಬೇಡಿ. ಸ್ಟೌ, ಕುಕ್ಕರ್, ನಾಲ್ಕು ಪಾತ್ರೆ, ಒಂದು ಹಾಸಿಗೆ, ಒಂದು ಬಕೆಟ್ಟು ಇವಿಷ್ಟು ಒಳ್ಳೆಯವು ಇರಲಿ. ಉಳಿದದ್ದು ಇಲ್ಲದೆ ಮೂರು ತಿಂಗಳು ಬದುಕಿ ನೋಡಿ. ನಿಮ್ಮ ಮನೆಗೆ ನಿಜವಾಗಿ ಏನು ಬೇಕು ಎಂಬುದು ಆ ಮೂರು ತಿಂಗಳಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಯಾವ ಜಾಹೀರಾತಿನಿಂದಲೂ ತಿಳಿಯುವುದಿಲ್ಲ. ಚಪಾತಿ ಮೇಕರ್, ಸ್ಯಾಂಡ್‌ವಿಚ್ ಮೇಕರ್, ದಾರ ಎಳೆದು ತರಕಾರಿ ಹೆಚ್ಚುವ ಡಬ್ಬಿ ಇವೆಲ್ಲ ಆಗ ತಾವಾಗಿಯೇ ಪಟ್ಟಿಯಿಂದ ಬೀಳುತ್ತವೆ.

ನಾವು ಎಸೆದದ್ದು ಎಲ್ಲಿಗೂ ಹೋಗದೆ ಮಾಯವಾಗುವುದಿಲ್ಲ. ಬೆಂಗಳೂರಿನ ಕಸ ವರ್ಷಗಟ್ಟಲೆ ನಗರದಾಚೆಯ ಮಂಡೂರು ಎಂಬ ಊರಿಗೆ ಹೋಯಿತು. ನೀರು ಕೆಟ್ಟು, ನೊಣ ಮುತ್ತಿ, ಊರಿನ ಜನ ಲಾರಿಗಳನ್ನು ತಡೆದು ನಿಂತ ಮೇಲೆ 2014ರ ಕೊನೆಗೆ ಅದು ನಿಂತಿತು. ಆಮೇಲೆ ಬೇರೆ ಊರುಗಳ ಸರದಿ ಬಂತು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ವಿದ್ಯುತ್ ಸಾಮಾನಿನ ಕಸ 6.2 ಕೋಟಿ ಟನ್, ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ನಿಮ್ಮ ಮನೆಯ ಹಳೆಯ ಮಿಕ್ಸಿ ಆ ಲೆಕ್ಕದೊಳಗೇ ಇದೆ. ಆದ್ದರಿಂದ ನಿಜವಾಗಿ ಸತ್ತ ಯಂತ್ರವನ್ನು ಹಸಿಕಸದ ಜೊತೆ ಹಾಕಬೇಡಿ, ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ.

ಅದಕ್ಕೂ ಮೊದಲು ರಿಪೇರಿಯವರ ಹತ್ತಿರ ಹೋಗಿ. ನಿಮ್ಮ ಬಡಾವಣೆಯಲ್ಲಿ ಮಿಕ್ಸಿ ರಿಪೇರಿ ಮಾಡುವವರು ಎಲ್ಲಿದ್ದಾರೆ, ಕೊಡೆ ಚಪ್ಪಲಿ ಹೊಲಿಯುವವರು ಯಾವ ಮೂಲೆಯಲ್ಲಿ ಕೂರುತ್ತಾರೆ, ಚಾಕು ಸಾಣೆ ಹಿಡಿಯುವವರು ಯಾವ ವಾರ ಬರುತ್ತಾರೆ, ಇದನ್ನು ಮನೆ ಹೊಕ್ಕ ಮೊದಲ ತಿಂಗಳೇ ತಿಳಿದುಕೊಳ್ಳಿ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆ ಇದೆ, 2015ರಿಂದ ನಡೆಯುತ್ತಿರುವ ರಿಪೇರಿ ಕೆಫೆಯ ಕೂಟಗಳಿವೆ. ನೀವೇ ಸಾಮಾನು ಒಯ್ದು, ಕಲಿಸುವವರ ಪಕ್ಕ ಕೂತು ಸರಿಮಾಡುವ ಈ ಪದ್ಧತಿ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದದ್ದು. ರಿಪೇರಿಯವರು ಕೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹೊಸ ಮಿಕ್ಸಿಗೆ ಐದು ಸಾವಿರ ತೆರುವವರು ಹಳೆಯದನ್ನು ಬದುಕಿಸಿದವರಿಗೆ ಇನ್ನೂರು ಮುನ್ನೂರು ಕೊಡಲು ಹಿಂದೆಮುಂದೆ ನೋಡುತ್ತಾರೆ. ಆ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿರುವುದಕ್ಕೆ ಇದೂ ಒಂದು ಕಾರಣ. ಅವರು ಹೋದರೆ, ಈ ಪತ್ರದಲ್ಲಿ ನಾನು ಬಾಳಿಕೆ ಬರುತ್ತದೆ ಎಂದು ಹೊಗಳಿದ ಯಾವ ಸಾಮಾನೂ ಬಾಳಿಕೆ ಬರುವುದಿಲ್ಲ.

ಕೊನೆಯ ಮಾತು ನಿಮ್ಮ ಮನೆಯ ಹಿರಿಯರಿಗೆ, ಮುಯ್ಯಿ ಮಾಡುವ ನಂಟರಿಗೆ. ಅವರಿಗೂ ಇದನ್ನು ಓದಿ ಹೇಳಿ. ಗೃಹಪ್ರವೇಶಕ್ಕೆ ಮೂರು ಡಿನ್ನರ್ ಸೆಟ್, ನಾಲ್ಕು ಗೋಡೆ ಗಡಿಯಾರ ಬರುವುದು ಪ್ರೀತಿಯಿಂದಲೇ. ಅವು ಮುಂದಿನ ಮದುವೆಗೆ ಹೊಸ ಕಾಗದ ಸುತ್ತಿಕೊಂಡು ಹೊರಡುವುದೂ ಎಲ್ಲರಿಗೂ ತಿಳಿದದ್ದೇ. ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ ಎಲ್ಲ ಸೇರಿ ಒಂದು ಒಳ್ಳೆಯ ವಸ್ತು ಕೊಡಿಸಿದರೆ ಸಾಕು. ಏನು ಬೇಕೆಂದು ಮಕ್ಕಳನ್ನು ಸಂಕೋಚವಿಲ್ಲದೆ ಕೇಳಿ, ಮಕ್ಕಳೂ ಸಂಕೋಚವಿಲ್ಲದೆ ಹೇಳಲಿ. ಅಟ್ಟದ ಮೇಲೆ ಅಜ್ಜಿಯ ಹಿತ್ತಾಳೆ ಚರಿಗೆ, ಪಾತ್ರೆಗಳಿದ್ದರೆ ಇಳಿಸಿ ಕೊಡಿ. ಕಲಾಯಿ ಹಾಕಿಸಿ ಕೊಡಿ, ಹಾಕಿದವರ ಫೋನ್ ನಂಬರನ್ನೂ ಬರೆದು ಕೊಡಿ.

ಇಂತಿ,
ನಿಮ್ಮ ಹಿತೈಷಿ